ಬಿಸಿಲು ಬೀಳುವ ಮಗ್ಗುಲು

ಚಳಿಗಾಲ ಬಂತೆಂದರೆ ನನ್ನ ಹೆಂಡತಿಯ ಹಿಮ್ಮಡಿ ಒಡೆಯುತ್ತದೆ. ಕುವೈತಿನ ಒಣಗಾಳಿಗೆ ಇದು ಪ್ರತಿ ವರ್ಷದ ಪಾಡು. ಮೊನ್ನೆ ಶುಕ್ರವಾರ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲ ಬಳಿ ಕುಳಿತು, ಜಮಿಯಾ ಅಂಗಡಿಯಿಂದ ತಂದ ಹೊಸ ಮುಲಾಮಿನ ಡಬ್ಬಿ ತೆರೆದಳು. ನಾನು ಹಾಲಿನಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೆ. ಜೇನುಮೇಣದ ವಾಸನೆ ನನ್ನವರೆಗೂ ಬಂತು. ಬರೀ ಜೇನುಮೇಣವಲ್ಲ, ಅದರಲ್ಲಿ ಬೆರೆತ ಯಾವುದೋ ಮರದ ಎಣ್ಣೆ, ಸ್ವಲ್ಪ ಧೂಳು, ಸ್ವಲ್ಪ ಹಳೆಯ ಬಟ್ಟೆ... ಧೂಳು, ಬಟ್ಟೆ ಡಬ್ಬಿಯಲ್ಲಿ ಇರಲಾರವು, ಅವನ್ನು ನನ್ನ ಮೂಗೇ ಸೇರಿಸಿಕೊಂಡಿರಬೇಕು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ಏನ್ರೀ, ಯಾರೋ ಕರೆದ ಹಾಗೆ ಎದ್ದು ನಿಂತ್ಬಿಟ್ರಿ?" ಎಂದಳು.

"ಇದು ಮುದೀರ್ ಕ್ಯಾಬಿನ್ ವಾಸನೆ ಕಣೇ" ಎಂದೆ.

ಅವಳು ಡಬ್ಬಿಯನ್ನು ಮೂಗಿಗೆ ಹಿಡಿದು ನೋಡಿ, ಮುಚ್ಚಳ ಹಾಕಿದಳು.

ಮುದೀರ್ ಎಂದರೆ ಮ್ಯಾನೇಜರು. ನಮ್ಮವರು ಮ್ಯಾನೇಜರಷ್ಟೇ ಅಲ್ಲ, ಕುವೈತ್ ನಗರದ ಮಿರ್ಕಾಬಿನಲ್ಲಿದ್ದ ಆ ಸಣ್ಣ ಸರ್ವೆ ಮತ್ತು ಡ್ರಾಯಿಂಗ್ ಆಫೀಸಿನ ಮಾಲೀಕರೂ ಹೌದು. ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಅವರ ಹೆಸರಿನ ಮೇಲೆಯೇ ಇತ್ತು. ಆದರೂ ವೀಸಾ ಕೊಟ್ಟ ಒಡೆಯ ಎಂಬರ್ಥದಲ್ಲಿ ಕಫೀಲ್ ಎಂದು ಅವರನ್ನು ಯಾರೂ ಕರೆದದ್ದಿಲ್ಲ. ಎತ್ತರದ ಆಳು, ಬಿಳಿ ದಿಶ್ದಾಶಾ ನಿಲುವಂಗಿಯ ಜೇಬಿನಲ್ಲಿ ಯಾವಾಗಲೂ ಪಿಸ್ತಾ ಇರುತ್ತಿತ್ತು, ಮಾತಿನ ನಡುವೆ ಒಂದನ್ನು ಬಿಡಿಸಿ ನಮ್ಮ ಕೈಗಿಡುವುದು ಅಭ್ಯಾಸ. ಬೈದರೂ ಪಿಸ್ತಾ ಕೊಟ್ಟೇ ಬೈಯುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಾನು ಅವರಿಗೆ 'ಮುಹಂದಿಸ್', ಅಂದರೆ ಎಂಜಿನಿಯರ್. ನಮ್ಮ ಮಾತುಕತೆ ಇಂಗ್ಲಿಷು, ಅರಬ್ಬಿ, ಹಿಂದಿ ಕಲಸಿದ ಚಿತ್ರಾನ್ನ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ರುಚಿ ಹೋಗುತ್ತದೆ, ಏನು ಮಾಡುವುದು.

ಈ ದೇಶದಲ್ಲಿ ನನ್ನಂಥ ಎಂಜಿನಿಯರನ ಕೆಲಸವೆಂದರೆ ಬಿಸಿಲನ್ನು ಹೊರಗೆ ನಿಲ್ಲಿಸುವುದು. ಕಾರು ನಿಲ್ಲಿಸುವ ಜಾಗಕ್ಕೆ ಚಪ್ಪರ, ಶಾಲೆಯ ಅಂಗಳಕ್ಕೆ ಚಪ್ಪರ, ಕಿಟಕಿಗೆ ಎಷ್ಟು ಉದ್ದದ ಹೊರಚಾಚು ಬೇಕು ಎಂಬ ಲೆಕ್ಕ. ಯಾವ ತಿಂಗಳು ಸೂರ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ, ನೆರಳು ಎಲ್ಲಿ ಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸಿ ಗಿರಾಕಿಗಳನ್ನು ಒಪ್ಪಿಸುವುದು. ರುಮೈಥಿಯಾದ ಮುದೀರ್ ಮನೆಯ ಅಂಗಳಕ್ಕೆ ಶೀಟಿನ ಚಪ್ಪರ ಬರೆದುಕೊಟ್ಟವನೂ ನಾನೇ. ನೆಂಟರು ಬಂದರೆ ಅವರು ಅಂಗಳದ ನಡುವೆ ನಿಂತು, "ವರ್ಷದ ಯಾವ ದಿನ ಬೇಕಾದರೂ ಬನ್ನಿ, ಇಲ್ಲಿ ಒಂದು ಬೆರಳಗಲ ಬಿಸಿಲು ಕಾಣಿಸಿದರೆ ನನ್ನ ಕೇಳಿ. ನಮ್ಮ ಮುಹಂದಿಸ್ ಕೆಲಸ!" ಎನ್ನುತ್ತಿದ್ದರು. ನಾನು ಅಲ್ಲಿದ್ದರೆ ಉಬ್ಬಿ ಪೂರಿಯಾಗುತ್ತಿದ್ದೆ.

ಇನ್ನು ಆ ವಾಸನೆಯ ಮಾತು. ಮುದೀರ್ ಹುಡುಗರಾಗಿದ್ದಾಗ ಓದಲೆಂದು ಸರ್ಕಾರ ಅವರನ್ನು ಅಮೆರಿಕಕ್ಕೆ ಕಳಿಸಿತ್ತು. ಅಲ್ಲಿನ ಹಾಸ್ಟೆಲಿನ ಗೆಳೆಯನೊಬ್ಬನ ಅಪ್ಪನಿಗೆ ಜಮೀನು, ಗುಡ್ಡ, ಕಾಡು ಎಲ್ಲ ಇತ್ತು. ಆ ಗೆಳೆಯನೇ ಇವರಿಗೆ ಬಿಲ್ಲುಬಾಣ ಹಿಡಿಯುವುದನ್ನು ಕಲಿಸಿದ್ದು. ಅಲ್ಲಿ ಜಿಂಕೆ ಬೇಟೆಗೆ ಕಾಲ ಗೊತ್ತುಮಾಡಿರುತ್ತಾರಂತೆ, ಬಿಲ್ಲಿನಲ್ಲಿ ಆಡುವವರಿಗೆ ಬೇರೆಯೇ ಕಾಲ. ಓದು ಮುಗಿಸಿ ಬರುವಾಗ ಗೆಳೆಯ ಕೊಟ್ಟ ಮರದ ಬಿಲ್ಲು ಇವರ ಜೊತೆ ಬಂತು. ಅದು ಕ್ಯಾಬಿನ್ನಿನ ಬೀರುವಿನಲ್ಲಿ, ಮದುವೆ-ಸಮಾರಂಭಕ್ಕೆ ಹಾಕುವ ಮೇಲಂಗಿಯ ಹಿಂದೆ ನಿಂತಿರುತ್ತಿತ್ತು. ವಾರಕ್ಕೊಮ್ಮೆ ಅದನ್ನು ಹೊರಗೆ ತೆಗೆದು, ಹೆದೆಗೆ ಜೇನುಮೇಣ ಹಚ್ಚಿ, ಬೆರಳಿನಿಂದ ಉಜ್ಜಿ ಉಜ್ಜಿ ಬಿಸಿ ಮಾಡುತ್ತಿದ್ದರು. ಚಳಿಗಾಲದಲ್ಲಿ ಇಲ್ಲಿನವರು ಮರುಭೂಮಿಯಲ್ಲಿ ಡೇರೆ ಹಾಕುತ್ತಾರಲ್ಲ, ಆಗ ಮಾತ್ರ ಹುಲ್ಲಿನ ಪಿಂಡಿಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಉಳಿದಂತೆ ಆ ಬಿಲ್ಲಿಗೆ ಮೇಣದ ಉಪಚಾರವಷ್ಟೇ.

ಅವರು ಪದೇ ಪದೇ ಹೇಳುತ್ತಿದ್ದ ಕತೆ ಒಂದಿತ್ತು. ಓದಿನ ಕೊನೆಯ ವರ್ಷ, ಬೇಟೆಯ ಕಾಲ ಮುಗಿಯುತ್ತ ಬಂದ ಚಳಿಯಲ್ಲಿ, ಒಂದೇ ಒಂದು ಸಲ ಅವರು ಹೋಗಿ ಕೂತಿದ್ದರಂತೆ. ಗಂಡು ಜಿಂಕೆಯೊಂದು ಇಲ್ಲೇ, ಈ ಮೇಜಿನಿಂದ ಆ ಬಾಗಿಲಿಗಿಂತ ಸ್ವಲ್ಪ ಆಚೆ, ಬಂದು ನಿಂತಿತಂತೆ. ಇವರು ಅವಸರಪಟ್ಟರು. ಬಾಣ ಎಲ್ಲಿಗೋ ಹೋಯಿತು. ಜಿಂಕೆ ಇವರ ಮುಖವನ್ನು ನೋಡಿ, ಆಮೇಲೆ ಹೋಯಿತಂತೆ. "ಓಡಲಿಲ್ಲ ಮುಹಂದಿಸ್, ನಡೆದುಕೊಂಡು ಹೋಯಿತು" ಎನ್ನುವಾಗ ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಮುಖ ಮಾಡುತ್ತಿದ್ದರು. ನಾನು ಪಿಸ್ತಾ ತಿನ್ನುತ್ತ ತಲೆಯಾಡಿಸುತ್ತಿದ್ದೆ.

ಒಂದು ದಿನ ಮೀಟಿಂಗಿನಲ್ಲಿ ಅವರ ಚಹಾದ ಗಾಜಿನ ಲೋಟ ಬಸಿಯ ಮೇಲೆ ಕಟಕಟ ಎನ್ನತೊಡಗಿತು. ಅವರು ಕೈಯನ್ನು ಜೇಬಿಗೆ ಇಳಿಸಿದರು. ಅಂದಿನಿಂದ ಆ ಕೈ ಜೇಬಿನಲ್ಲೇ ಇರುತ್ತಿತ್ತು. ನಡುಕದ ರೋಗ ಎಂದು ಡಾಕ್ಟರು ಹೇಳಿದರು. ಔಷಧಿ ಇದೆ, ವಾಸಿ ಇಲ್ಲ. ಬರಬರುತ್ತ ಕಾಲು ಹಿಡಿಯುತ್ತದೆ, ಮಾತು ಹಿಡಿಯುತ್ತದೆ... ಅವರ ದೊಡ್ಡ ಮಗಳೇ ಡಾಕ್ಟರು. ಅಪ್ಪನಿಂದ ಏನನ್ನೂ ಮುಚ್ಚಿಡುವ ಸ್ವಭಾವ ಅವಳದಲ್ಲ.

ಮುದೀರ್ ಕೇಳಿದ್ದು ಒಂದೇ. ಬಿಲ್ಲು ಎಳೆಯುವ ಶಕ್ತಿ ತೋಳಿನಲ್ಲಿ ಇರುವಾಗಲೇ ಒಂದು ಸಲ ಆ ಗುಡ್ಡಕ್ಕೆ ಹೋಗಿ ಕೂರಬೇಕು. ಗಂಡುಮಕ್ಕಳು ಸುತಾರಾಂ ಒಪ್ಪಲಿಲ್ಲ. ಮಗಳು ಮಾತ್ರ, ತಾನೇ ಜೊತೆಗೆ ಬರುತ್ತೇನೆ, ಆದರೆ ಕಾಡಿನಲ್ಲಿ ನಡೆಯುವಂತಿಲ್ಲ, ಒಂದೇ ಜಾಗದಲ್ಲಿ ಕುರ್ಚಿ ಹಾಕಿ ಕೂರಬೇಕು, ಅದೂ ಒಂದೇ ವಾರ, ಎಂದಳು. ಮುಂದಿನ ಚಳಿಗಾಲಕ್ಕೆ ಆ ತೋಳು ಏಳುತ್ತದೆಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅಮೆರಿಕದ ಗೆಳೆಯನೂ ವಯಸ್ಸಾಗಿ ಪೇಟೆ ಸೇರಿದ್ದ. ಜಾಗ ಯಾವುದೆಂದು ಮೊದಲೇ ತಿಳಿಸಿದರೆ, ಆಳು ಬಿಟ್ಟು ಅಲ್ಲಿ ಮರೆ ಕಟ್ಟಿಸುತ್ತೇನೆ ಎಂದ. ಮರೆ ಎಂದರೆ ಬೇಟೆಗಾರ ಅಡಗಿ ಕೂರುವ ಚಿಕ್ಕ ಡೇರೆ. ಅದನ್ನು ವಾರಗಳ ಮೊದಲೇ ಹಾಕಬೇಕು, ಜಿಂಕೆಗಳ ಕಣ್ಣಿಗೆ ಅದು ಹಳತಾಗಬೇಕು. ಆಮೇಲೆ ಅಲ್ಲಾಡಿಸಿದರೆ ಅವು ಆ ಕಡೆ ಸುಳಿಯುವುದಿಲ್ಲವಂತೆ.

ಜಾಗವನ್ನು ಗೆಳೆಯನೇ ಆರಿಸಬಹುದಿತ್ತಲ್ಲ ಎಂದು ನಾನೂ ಕೇಳಿದೆ. ಆಗ ಗೊತ್ತಾದದ್ದು ಆ ಮನೆತನದ ಕಟ್ಟಳೆ. ಯಾರು ಬೇಟೆಗೆ ಕೂರುತ್ತಾರೋ ಜಾಗ ಅವರೇ ಹುಡುಕಬೇಕು. ಸರಿಯೆಂದೂ ತಪ್ಪೆಂದೂ ಇನ್ನೊಬ್ಬರು ಬಾಯಿ ಬಿಡಬಾರದು. ಜಾಗ ತೋರಿಸಿಕೊಟ್ಟರೆ ಜಿಂಕೆ ತೋರಿಸಿದವನದು, ಕೂತವನದಲ್ಲ. ಮುದೀರ್ ಆ ಕಟ್ಟಳೆ ಮುರಿಯಲು ತಯಾರಿರಲಿಲ್ಲ. ಆದರೆ ನಾನು ಬೇಟೆಯವನಲ್ಲವಲ್ಲ, ಬರೀ ನಕ್ಷೆ ಓದುವವನು, ಆದ್ದರಿಂದ ನನ್ನನ್ನು ಸೇರಿಸಿಕೊಂಡರೆ ಕಟ್ಟಳೆಗೆ ಭಂಗವಿಲ್ಲವೆಂದು ಅವರೇ ತೀರ್ಪು ಕೊಟ್ಟುಕೊಂಡರು.

ಹೀಗೆ ಒಂದು ಮಧ್ಯಾಹ್ನ ಆ ಗುಡ್ಡದ ಏರುತಗ್ಗು ತೋರಿಸುವ ಕಾಂಟೂರ್ ನಕ್ಷೆ ನನ್ನ ಮೇಜಿಗೆ ಬಂತು. "ಇದರಲ್ಲಿ ಜಿಂಕೆ ಎಲ್ಲಿ ಮಲಗುತ್ತದೆ, ಹೇಳು."

ನಾನು ಮೈಸೂರು ಕಡೆಯವನು, ಮೊಟ್ಟೆಯನ್ನೂ ಮುಟ್ಟದ ಮನೆಯವನು. ಜಿಂಕೆಯನ್ನು ನೋಡಿದ್ದು ಮೃಗಾಲಯದ ತಂತಿಯಾಚೆಗೆ, ಕಡಲೆಕಾಯಿ ತಿನ್ನುತ್ತ. ಮನೆಗೆ ಬಂದು ಹೇಳಿದರೆ ಹೆಂಡತಿ ಸೌಟು ಹಿಡಿದೇ ಬಂದಳು. "ಅಲ್ಲಾರೀ, ಯಾವುದೋ ಮೂಕಪ್ರಾಣಿನ ಎಲ್ಲಿ ಕೂತು ಹೊಡೀಬೇಕು ಅಂತ ತೋರಿಸೋಕಾ ನೀವು ಓದಿದ್ದು?" ಆದರೆ ಜೇಬಿನೊಳಗೆ ಅಡಗಿದ ಆ ಕೈಯನ್ನು ಅವಳು ನೋಡಿರಲಿಲ್ಲ.

ಕೆಲಸ ಮುಗಿದ ಮೇಲೆ ಎಲ್ಲರೂ ಹೋದರೆ ನಾವು ಮೂವರು ಉಳಿಯುತ್ತಿದ್ದೆವು. ಮುದೀರ್, ನಾನು, ಆಫೀಸಿನ ಡ್ರೈವರ್. ಡ್ರೈವರ್ ಉಡುಪಿ ಕಡೆಯವನು, ಮುದೀರರನ್ನು ಮನೆಗೆ ಬಿಡುವವರೆಗೆ ಅವನಿಗೂ ಬಿಡುಗಡೆಯಿಲ್ಲ, ಚಹಾ ಕಾಸಿಕೊಂಡು ನಕ್ಷೆಯ ತುದಿಗೆ ನಿಲ್ಲುತ್ತಿದ್ದ. ಮುದೀರ್ ಪಾಠ ಶುರು ಮಾಡುತ್ತಿದ್ದರು. ಬೇಟೆಯ ಕಾಲದ ಮೊದಲಲ್ಲಿ ಜಿಂಕೆ ಎಲ್ಲೆಂದರಲ್ಲಿ ಸಿಗುತ್ತದೆ, ಹೆಣ್ಣಿನ ಹಿಂದೆ ಬಿದ್ದು ಬುದ್ಧಿ ಕಳೆದುಕೊಂಡಿರುತ್ತದೆ. ಕಾಲದ ಕೊನೆಗೆ ಹಾಗಲ್ಲ. ಸೋತಿರುತ್ತದೆ, ಸೊರಗಿರುತ್ತದೆ, ಬೇಟೆಗಾರರನ್ನು ಕಂಡು ಕಂಡು ಹೆದರಿರುತ್ತದೆ. ಆಗ ಅದಕ್ಕೆ ಬೇಕಾದದ್ದು ಮೇವು ಮತ್ತು ಮಲಗಲು ಹಿತವಾದ ಜಾಗ, ಮತ್ತೇನೂ ಅಲ್ಲ. ಇವೆರಡರ ನಡುವೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ನಡೆಯುತ್ತದೆ. ಬಂದೂಕಿನವನು ದೂರದಿಂದ ಹೊಡೆದಾನು, ಬಿಲ್ಲಿನವನಿಗೆ ಅದು ಕೂಗಳತೆಗಿಂತ ಹತ್ತಿರ ಬರಬೇಕು. ಆದ್ದರಿಂದ ಅದು ಮಲಗುವ ಜಾಗದ ಪಕ್ಕದಲ್ಲೇ, ನಮ್ಮ ವಾಸನೆ ಅದರತ್ತ ಹೋಗದ ಹಾಗೆ, ಗಾಳಿಗೆ ಎದುರಾಗಿ ಕೂರಬೇಕು. ಜಾಗ ತಪ್ಪಿದರೆ ಖಲಾಸ್, ಕೂತದ್ದಷ್ಟೇ ಲಾಭ.

"ಕೈ ನಡುಗ್ತದಲ್ಲ ಸರ್, ಬಾಣ ಬಿಡ್ಲಿಕ್ಕೆ ಆಗ್ತದಾ ಇವರಿಗೆ?" ಎಂದು ಡ್ರೈವರ್ ಒಮ್ಮೆ ನನ್ನನ್ನು ಕನ್ನಡದಲ್ಲಿ ಕೇಳಿದ. ಮುದೀರರಿಗೆ ಭಾಷೆ ತಿಳಿಯದಿದ್ದರೂ ಅವನ ಕಣ್ಣು ಎಲ್ಲಿದೆ ಎಂದು ತಿಳಿಯಿತು. ಎದ್ದು ಬೀರು ತೆರೆದು ಬಿಲ್ಲು ತೆಗೆದರು. ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹೆದೆಯನ್ನು ಕೆನ್ನೆಯವರೆಗೆ ಎಳೆದರು. ಅಷ್ಟು ಹೊತ್ತು ಮೇಜಿನ ಮೇಲೆ ಕುಣಿಯುತ್ತಿದ್ದ ಕೈ, ಎಳೆದು ಹಿಡಿದಾಗ ನಡುಗಲಿಲ್ಲ. ಸುಮ್ಮನಿದ್ದಾಗ ಮಾತ್ರ ನಡುಗುತ್ತದೆ, ಕೆಲಸ ಕೊಟ್ಟರೆ ನಿಲ್ಲುತ್ತದೆ, ಎಂದು ನಕ್ಕರು. ಡ್ರೈವರ್ ಚಹಾದ ತಟ್ಟೆ ಕೆಳಗಿಟ್ಟು, "ಎಂತ ಮನುಷ್ಯ ಮಾರಾಯ್ರೆ ಇವರು!" ಎಂದ. ಅಂದಿನಿಂದ ಅವನೂ ನಕ್ಷೆಯ ಕೆಲಸಕ್ಕೆ ಪೂರ್ತಿ ಸೇರಿಕೊಂಡ.

ನಕ್ಷೆಯ ನಡುವೆ ಒಂದು ತೊರೆ. ತೊರೆಯ ಎರಡೂ ಕಡೆ ಗುಡ್ಡ. ಕೆಳಗೆ ಕಟಾವು ಮಾಡದೆ ಬಿಟ್ಟ ಜೋಳದ ಹೊಲ, ಅದೇ ಮೇವು. ಮಲಗುವ ಜಾಗ ಮಾತ್ರ ಗೊತ್ತಾಗಬೇಕಿತ್ತು. ನಾನು ನನಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನು ಹೊರತೆಗೆದೆ. ಆ ಊರಿನ ಆ ತಿಂಗಳ ಸೂರ್ಯನನ್ನು ಕಂಪ್ಯೂಟರಿಗೆ ಹಾಕಿ, ಗುಡ್ಡದ ಮೇಲೆ ಬೆಳಗಿನಿಂದ ಸಂಜೆಯವರೆಗೆ ನೆರಳನ್ನು ಓಡಿಸಿದೆ. ದಕ್ಷಿಣಕ್ಕೆ ಮುಖ ಮಾಡಿದ ಗುಡ್ಡ ಇಡೀ ದಿನ ಬಿಸಿಲಿನಲ್ಲಿ ಬೆತ್ತಲೆ ನಿಂತಿತ್ತು. ಎದುರಿನದು, ಉತ್ತರಕ್ಕೆ ಮುಖ ಮಾಡಿದ್ದು, ದಿನವಿಡೀ ನೆರಳು. ಅದರ ಹೊಟ್ಟೆಯಲ್ಲೊಂದು ಗುಳಿ, ದಟ್ಟ ಮರ, ಪಕ್ಕದಲ್ಲೇ ತೊರೆಯ ನೀರು. ತೋರಿಸಿದೆ. ಮುದೀರ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, "ಮಾಶಾ ಅಲ್ಲಾ" ಎಂದರು. ನೆರಳು, ನೀರು. ಮರುಭೂಮಿಯವರಿಗೆ ಸ್ವರ್ಗವೆಂದರೆ ಇನ್ನೇನು? ಡ್ರೈವರನಂತೂ, "ಮತ್ತೆಂತ? ಆ ಬಿಸಿಲಿಗೆ ಯಾವ ಪ್ರಾಣಿ ಹೋಗಿ ಮಲಗ್ತದೆ? ಇಲ್ಲೇ ಇರ್ತದೆ, ನೋಡಿ ಬೇಕಾದ್ರೆ" ಎಂದು ಗುಳಿಯ ಮೇಲೆ ಬೆರಳಿಟ್ಟ. ಅಲ್ಲಿ ಹಿಮ ಬೀಳುತ್ತದೆಂದು ಮೂವರಿಗೂ ಗೊತ್ತಿತ್ತು. ಆದರೂ ಬಿಸಿಲನ್ನು ಯಾರಾದರೂ ಬೇಕೆಂದು ಹುಡುಕಿಕೊಂಡು ಹೋಗುತ್ತಾರೆ ಎಂಬ ಮಾತು ಮೂವರಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಗೆಳೆಯನಿಗೆ ಜಾಗದ ಗುರುತು ಹೋಯಿತು. 'ಸರಿ' ಎಂದಷ್ಟೇ ಉತ್ತರ ಬಂತು. ಕಟ್ಟಳೆಯ ಪ್ರಕಾರ ಅವನು ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

ವಿಮಾನ ನಿಲ್ದಾಣಕ್ಕೆ ನಾನೂ ಡ್ರೈವರೂ ಹೋಗಿದ್ದೆವು. ದಪ್ಪ ಕೋಟಿನಲ್ಲಿ ಮುದೀರ್ ಗುರುತೇ ಸಿಗುತ್ತಿರಲಿಲ್ಲ. ಬಿಲ್ಲಿನ ಪೆಟ್ಟಿಗೆಯನ್ನು ಮಗಳು ತಳ್ಳುತ್ತಿದ್ದಳು. ಅವರು ನನ್ನ ಕೈಗೆ ಪಿಸ್ತಾ ಇಟ್ಟು, "ಯಲ್ಲಾ, ಜಿಂಕೆ ಬಂದರೆ ಅರ್ಧ ನಿನ್ನದು" ಎಂದರು. "ನನಗೆ ಬೇಡ ಮುದೀರ್, ಕೊಂಬಿನ ಫೋಟೋ ಸಾಕು" ಎಂದೆ. ಅವರು ನಕ್ಕ ಆ ನಗು ಈಗಲೂ ಕಿವಿಯಲ್ಲಿದೆ.

ಮೊದಲ ದಿನ ಮಗಳು ಫೋಟೋ ಕಳಿಸಿದಳು. ನಾನು ಮಿರ್ಕಾಬಿನ ಆಫೀಸಿನಲ್ಲಿ ಅದನ್ನು ಕಂಪ್ಯೂಟರಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಮರೆಯ ಕಿಂಡಿಯಿಂದ ತೆಗೆದದ್ದು. ಇವರು ಕೂತ ಮಗ್ಗುಲು ಪೂರ್ತಿ ಬಿಳಿ, ನೀಲಿಗಟ್ಟಿದ ಹಿಮ. ನಾನು ಅಷ್ಟು ಹೆಮ್ಮೆಯಿಂದ ತೋರಿಸಿದ ತೊರೆ ಕಲ್ಲಾಗಿ ನಿಂತಿತ್ತು. ಅದರ ಆಚೆ, ನಾನು ಬೆತ್ತಲೆ ಎಂದು ಬಿಟ್ಟ ಗುಡ್ಡದಲ್ಲಿ, ಹಿಮ ಕರಗಿ ಕಂದು ಹುಲ್ಲು ಎದ್ದಿತ್ತು. ಅಲ್ಲಲ್ಲಿ ಕಲ್ಲುಗಳ ಹಾಗೆ ಏನೋ ಇದ್ದವು. ಇನ್ನಷ್ಟು ದೊಡ್ಡದು ಮಾಡಿದೆ. ಕಲ್ಲುಗಳಿಗೆ ಕಿವಿಗಳಿದ್ದವು. ಮೈ ಚಾಚಿ, ಕಣ್ಣು ಮುಚ್ಚಿ, ಇಡೀ ಹಿಂಡು ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿತ್ತು.

ಡ್ರೈವರನನ್ನು ಕರೆದು ತೋರಿಸಿದೆ. ಅವನು ಪರದೆಗೆ ಬಗ್ಗಿ ನೋಡಿ, "ಅಯ್ಯೋ ದೇವರೇ, ಚಳಿಗೆ ಸರ್... ಚಳಿಗೆ ಬಿಸಿಲೇ ಅಲ್ವಾ ಬೇಕಾದ್ದು" ಎಂದ. ಅಷ್ಟೇ ವಿಷಯ. ಮೂರು ಜನ, ಮೂವರೂ ಸೆಕೆಯ ಊರಿನವರು, ಜಿಂಕೆಯನ್ನು ನಮ್ಮ ಹಾಗೇ ನೆರಳಿಗೆ ಓಡುವ ಪ್ರಾಣಿ ಮಾಡಿಬಿಟ್ಟಿದ್ದೆವು.

ಹೊತ್ತಾದ ಮೇಲೆ ಮುದೀರರ ದನಿ ಮೊಬೈಲಿಗೆ ಬಂತು. ಪಿಸುಮಾತು. "ಯಾ ಮುಹಂದಿಸ್, ನೋಡಿದೆಯಾ? ಎಲ್ಲ ಆಚೆ ಇವೆ. ಚಳಿಯಲ್ಲಿ ಮಸೀದಿಯ ಗೋಡೆಗೆ ಒರಗಿ ಕೂರುವ ಮುದುಕರ ಹಾಗೆ." ಆಮೇಲೆ ಸಣ್ಣಗೆ ನಗು. ಆ ತೊರೆ ಆರೋಗ್ಯವಂತನಿಗೆ ಹತ್ತಾರು ಹೆಜ್ಜೆಯ ದಾರಿ, ಆದರೆ ಹಿಮದ ಮೇಲೆ ಅವರ ಕಾಲು ಏಳುತ್ತಿರಲಿಲ್ಲ. ಹೊತ್ತುಕೊಂಡು ಹೋದರೆ ಹಿಂಡು ಏಳುತ್ತದೆ. ಮರೆ ಕಿತ್ತು ಆಚೆ ಹಾಕಿದರೆ ಹಳತಾಗಲು ವಾರಗಳು ಬೇಕು, ಅವರ ಕೈಯಲ್ಲಿ ಇದ್ದದ್ದು ಒಂದು ವಾರ. ಭೂಮಿಯ ಈ ಕಡೆ ಕುಳಿತು ನಾನು ಮಾಡಬಹುದಾದದ್ದು ಯಾವುದೂ ಇರಲಿಲ್ಲ. ಆದರೂ ರಜೆ ಕೇಳುವವನ ಹಾಗೆ ನಕ್ಷೆಯ ಮುಂದೆ ನಿಂತು ನಿಂತು ಬರುತ್ತಿದ್ದೆ. ಮನೆಯಲ್ಲಿ ದೇವರ ಮುಂದೆ ಕೈ ಮುಗಿದಾಗ, ಒಂದಾದರೂ ಜಿಂಕೆ ಈಚೆ ದಾಟಿ ಬರಲಪ್ಪಾ ಎಂದು ಬೇಡಿಕೊಂಡೆ. ಜಿಂಕೆ ಸಾಯಲಿ ಎಂದು ಬೇಡಿಕೊಂಡ ಸಸ್ಯಾಹಾರಿ ಇನ್ನೊಬ್ಬ ಇರಲಾರ. ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. "ಬರ್ಲಿ ಬಿಡಿ, ಪಾಪ, ಅಷ್ಟು ದೂರ ಹೋಗಿ ಕಾಯ್ತಿದ್ದಾರೆ" ಎಂದಳು.

ಬರಲಿಲ್ಲ. ದಿನಾ ಬೆಳಿಗ್ಗೆ ಅವರು ನನ್ನ ನೆರಳಿನಲ್ಲಿ ಹೋಗಿ ಕೂತರು, ದಿನಾ ಅವು ತಮ್ಮ ಬಿಸಿಲಿನಲ್ಲಿ ಬಂದು ಮಲಗಿದವು, ಸಂಜೆ ಎದ್ದು ಅತ್ತಲಿಂದಲೇ ಹೊಲಕ್ಕೆ ಇಳಿದವು. ಮಗಳು ಆಮೇಲೆ ಹೇಳಿದಳು, ಕೊನೆಯ ದಿನ ಅಪ್ಪ ಬಿಲ್ಲನ್ನು ಒಮ್ಮೆ ಪೂರ್ತಿ ಎಳೆದು, ಆಚೆ ಮಲಗಿದ್ದ ಒಂದು ಗಂಡಿನ ಕಡೆಗೆ ಹಿಡಿದು, ಬಾಣವಿಲ್ಲದೆ ಮೆಲ್ಲಗೆ ಸಡಿಲಿಸಿದರಂತೆ. ಕೈ ನಡುಗಲಿಲ್ಲವಂತೆ.

ಹಿಂದಿರುಗಿದವರು ನನ್ನನ್ನು ಒಂದು ಮಾತು ಅನ್ನಲಿಲ್ಲ. ಆಫೀಸಿಗೆ ಬಂದವರೇ ಪಿಸ್ತಾ ಕೊಟ್ಟರು, ಬೈಗುಳ ಮಾತ್ರ ಬರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ಚಳಿಗಾಲದ ಹೊತ್ತಿಗೆ ತೋಳು ಸೋತಿತ್ತು. ಹೆದೆಗೆ ಮೇಣ ಹಚ್ಚಲೂ ಆಗದಾಯಿತು. ನನ್ನನ್ನು ಕರೆದು ಕೂರಿಸಿಕೊಂಡು, ನಾನು ಉಜ್ಜುವುದನ್ನು ನೋಡುತ್ತಿದ್ದರು. ಬೆರಳು ಬಿಸಿಯಾಗುವಷ್ಟು ಉಜ್ಜಬೇಕು, ಇಲ್ಲದಿದ್ದರೆ ಒಳಗೆ ಇಳಿಯುವುದಿಲ್ಲ ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು. ಆ ವಾಸನೆ ನನ್ನ ಬೆರಳಿಗೂ ಅಂಟಿಕೊಂಡಿತು... ಆಮೇಲೆ ಅವರು ಬರುವುದು ನಿಂತಿತು. ಗಂಡುಮಕ್ಕಳಿಗೆ ಆಫೀಸು ಬೇಕಿರಲಿಲ್ಲ. ನಾನು ಬೇರೆ ಕಡೆ ಕೆಲಸ ಹಿಡಿದೆ, ಡ್ರೈವರ್ ಊರಿಗೆ ಹೋದ.

ನಾನು ರಜೆಯ ದಿನ ಆಗಾಗ ರುಮೈಥಿಯಾಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ಜನವರಿ, ಅವರು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಕಿಟಕಿಗಳಿಗೆಲ್ಲ ದಪ್ಪ ಪರದೆ, ಟ್ಯೂಬ್‌ಲೈಟು. ಮೇಲೆ ಎರಡು ಕಂಬಳಿ, ಆದರೂ ಕೈ ಮಂಜುಗಡ್ಡೆ. ಮಾತು ಆಗಲೇ ಹೋಗಿತ್ತು, ಒಂದೊಂದು ಪದ ಕಷ್ಟಪಟ್ಟು ಬರುತ್ತಿತ್ತು. ನನ್ನನ್ನು ನೋಡಿ ಗುರುತು ಹಿಡಿದರು. "ಶಮ್ಸ್" ಎಂದರು. ಬಿಸಿಲು.

ಕುರ್ಚಿ ತಳ್ಳಿಕೊಂಡು ಅಂಗಳಕ್ಕೆ ಹೋದೆ. ಬಾಗಿಲು ದಾಟಿದವನು ಅಲ್ಲೇ ನಿಂತುಬಿಟ್ಟೆ. ವರ್ಷದ ಯಾವ ದಿನವೂ ಒಂದು ಬೆರಳಗಲ ಬಿಸಿಲು ಬೀಳದ ಅಂಗಳ. ನನ್ನದೇ ಕೆಲಸ. ಈ ಮೂಲೆಗೆ ತಳ್ಳಿದೆ, ಆ ಮೂಲೆಗೆ ತಳ್ಳಿದೆ, ಎಲ್ಲಿಯೂ ಇಲ್ಲ. ಎಲ್ಲಿಯೂ ಇರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಗೇಟು ತೆಗೆದು ಬೀದಿಗೆ ತಂದೆ. ಎದುರಿನ ಕಾಂಪೌಂಡಿನ ಗೋಡೆಗೆ ಬಿಸಿಲು ಬಿದ್ದಿತ್ತು, ಪಕ್ಕದಲ್ಲಿ ನಗರಸಭೆಯ ಕಸದ ತೊಟ್ಟಿ. ಕಾರುಗಳ ನಡುವೆ ದಾರಿ ಮಾಡಿಕೊಂಡು ಅವರ ಕುರ್ಚಿಯನ್ನು ಅಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಒಂದು ಕಾಲದಲ್ಲಿ ಅಷ್ಟು ಜನಕ್ಕೆ ಅನ್ನ ಕೊಟ್ಟ ಮನುಷ್ಯ ಕಸದ ತೊಟ್ಟಿಯ ಪಕ್ಕ ಕಣ್ಣು ಮುಚ್ಚಿ ಮುಖವನ್ನು ಮೇಲೆತ್ತಿದರು. ನಿಧಾನವಾಗಿ ಕೆನ್ನೆಗೆ ಬಣ್ಣ ಬಂತು. ತಡೆದು ತಡೆದು ಹೇಳಿದರು.

"ಮುಹಂದಿಸ್... ಡೇರೆ... ಇಲ್ಲಿ ಹಾಕಬೇಕಿತ್ತು."

ನಾನು ಅತ್ತಿತ್ತ ನೋಡಿದೆ. ಅಳು ಬಂದಿತ್ತು, ಬೀದಿಯಲ್ಲಿ ಅಳುವುದು ಹೇಗೆ.

ಅಂದೇ ಮಗಳಿಗೆ ಹೇಳಿ, ಅಂಗಳದ ಚಪ್ಪರದ ಹಳೆಯ ಡ್ರಾಯಿಂಗ್ ಹುಡುಕಿ ತೆಗೆದೆ. ಎಲ್ಲಿ ಶೀಟು ಬಿಚ್ಚಿದರೆ ಚಳಿಗಾಲದ ಸೂರ್ಯ ಒಳಗೆ ಬರುತ್ತಾನೆ, ಕುರ್ಚಿ ಎಲ್ಲಿ ನಿಂತರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಮೈಮೇಲೆ ಬಿಸಿಲಿರುತ್ತದೆ, ಗಾಳಿ ಎಲ್ಲಿ ತಾಗುವುದಿಲ್ಲ, ಎಲ್ಲವನ್ನೂ ಲೆಕ್ಕ ಹಾಕಿದೆ. ಬಿಸಿಲನ್ನು ಒಳಗೆ ಕರೆಯುವ ಡ್ರಾಯಿಂಗ್ ನನ್ನ ಜೀವನದಲ್ಲಿ ಅದೊಂದೇ. ಕೊಟ್ಟು ಬಂದೆ. ಆದರೆ ಒಬ್ಬ ಮಗ ಕೆಳಗೆ ನಿಲ್ಲಿಸುವ ಕಾರು ಕಾದುಹೋಗುತ್ತದೆ ಎಂದ, ಇನ್ನೊಬ್ಬ ಧೂಳು ಬರುತ್ತದೆ ಎಂದ. ಆಮೇಲೆ ರಂಜಾನ್ ಮುಗಿಯಲಿ ಎಂದರು. ಅಷ್ಟರಲ್ಲಿ ಬೇಸಿಗೆ ಬಂತು, ಈಗ್ಯಾಕೆ ಎಂದರು. ಇನ್ಶಾ ಅಲ್ಲಾ ಮುಂದಿನ ಚಳಿಗೆ ಎಂದರು. ನಾನು ಪರಕೀಯ, ಕೆಲಸ ಬಿಟ್ಟುಹೋದ ನೌಕರ, ಎಷ್ಟು ಸಲ ಕೇಳಲಿ? ಕೇಳಿದೆ, ಮತ್ತೆ ಕೇಳಿದೆ, ಆಮೇಲೆ ನನಗೇ ನಾಚಿಕೆಯಾಗಿ ಸುಮ್ಮನಾದೆ. ಚಳಿ ಶುರುವಾಗುವ ಮೊದಲೇ ಮುದೀರ್ ಹೋದರು. ಮಣ್ಣು ಮಾಡುವಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಮೊನ್ನೆ ಶುಕ್ರವಾರ ಆ ಮುಲಾಮಿನ ಡಬ್ಬಿ ಮುಚ್ಚಿದ ಮೇಲೂ ಮನೆಯಲ್ಲಿ ಕೂರಲಾಗಲಿಲ್ಲ. ನಾವಿರುವ ಅಬ್ಬಾಸಿಯಾದಿಂದ ಕಾರು ತೆಗೆದು ರುಮೈಥಿಯಾಕ್ಕೆ ಹೋದೆ. ಅವರು ಹೋದ ಮೇಲೆ ಇದೇ ಮೊದಲು. ಬಾಗಿಲು ತೆರೆದದ್ದು ಡಾಕ್ಟರ್ ಮಗಳು, ಅಪ್ಪನ ಎತ್ತರ, ಅಪ್ಪನ ಹಣೆ. "ಬನ್ನಿ, ನಿಮಗೇ ಫೋನು ಮಾಡಬೇಕೆಂದಿದ್ದೆ" ಎಂದು ನೇರವಾಗಿ ಅಂಗಳಕ್ಕೆ ಕರೆದೊಯ್ದಳು. ತಮ್ಮಂದಿರ ಮಾತು ಕೇಳದೆ, ತಡವಾಗಿಯಾದರೂ, ನನ್ನ ಡ್ರಾಯಿಂಗಿನಂತೆಯೇ ಶೀಟು ಬಿಚ್ಚಿಸಿದ್ದಳು.

ಕುರ್ಚಿಗೆಂದು ನಾನು ಗುರುತು ಹಾಕಿದ ಜಾಗದಲ್ಲಿ, ಒಂದು ಚಾಪೆಯಷ್ಟು ಅಗಲಕ್ಕೆ, ಬಿಸಿಲು ಬಿದ್ದಿತ್ತು. ಒಂದು ಬೀದಿಬೆಕ್ಕು ಅದರ ಸರಿಯಾಗಿ ನಡುವೆ ಮೈ ಚಾಚಿ ಮಲಗಿತ್ತು. ಚಳಿಗೆ ಸೊರಗಿದ ಬೆಕ್ಕು, ಒಂದು ಕಿವಿ ಹರಿದಿತ್ತು. ನಮ್ಮ ಹೆಜ್ಜೆ ಕೇಳಿ ಒಂದು ಕಣ್ಣು ತೆರೆದು ನೋಡಿತು, ಓಡಲಿಲ್ಲ, ಮತ್ತೆ ಮುಚ್ಚಿಕೊಂಡಿತು. "ದಿನಾ ಬರುತ್ತದೆ, ಬಿಸಿಲು ಹೋಗುವವರೆಗೆ ಏಳುವುದಿಲ್ಲ" ಎಂದಳು ಅವಳು.

ಜಾಗ ಸರಿಯಾಗಿಯೇ ಸಿಕ್ಕಿತ್ತು. ಇದನ್ನು ಮುದೀರರಿಗೆ ಹೇಳೋಣವೆಂದು ನಾನು ಪಕ್ಕಕ್ಕೆ ತಿರುಗಿದೆ, ಅಲ್ಲಿ ಅವರಿರಲಿಲ್ಲ.